ಕೋಡುಬಳೆ ಸೈ, ಬಿಸಿಬೇಳೆಬಾತ್ ಅಲ್ಲ

ಡಿಸೆಂಬರ್ ಮುಗಿಯುತ್ತಾ ಬಂದರೆ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನ ಎಷ್ಟೋ ಆಫೀಸುಗಳಲ್ಲಿ ವರ್ಷದ ಕೊನೆಯ ಕೂಟ ನಡೆಯುತ್ತದೆ. ಊಟ ಹೋಟೆಲಿನಿಂದ ಬರುತ್ತದೆ. ಊಟಕ್ಕೆ ಮುಂಚಿನ ಸಣ್ಣ ತಿನಿಸನ್ನು ಮಾತ್ರ ಮನೆಯಿಂದ ಮಾಡಿಕೊಂಡು ಬನ್ನಿ ಎಂದು ಕೆಲವು ಕಡೆ ಹೇಳುತ್ತಾರೆ. ಹೋದ ವರ್ಷ ನನ್ನ ಸೊಸೆಯ ಆಫೀಸಿನಿಂದ ಬಂದ ಚೀಟಿಯಲ್ಲಿ ಆ ತಿನಿಸಿಗೆ 'ಓರ್ ದವ್ರ್' ಎಂಬ ಹೆಸರಿತ್ತು. ಆರನೇ ತರಗತಿಯ ಮೊಮ್ಮಗಳು ಅದರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ 'ಹಾರ್ಸ್' ಎಂದು ಓದಿ, "ತಾತ, ಇದು ಕುದುರೆ ತಿನ್ನೋದಾ?" ಎಂದು ಕೇಳಿದಳು.

ಕುದುರೆಗೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳೇ. ಇದು ಫ್ರೆಂಚ್ ಮಾತು. 'ಓರ್' ಎಂದರೆ ಹೊರಗೆ, 'ಅವ್ರ್' ಎಂದರೆ ಕೆಲಸ. ಅಡುಗೆಯ ದೊಡ್ಡ ಕೆಲಸದ ಹೊರಗೆ ನಿಲ್ಲುವ ಚಿಕ್ಕ ತಿನಿಸು ಎಂದು ಅರ್ಥ. ಇಟಲಿಯವರು ಇದನ್ನು 'ಆಂತಿಪಾಸ್ತೊ' ಎನ್ನುತ್ತಾರೆ, ಊಟಕ್ಕೆ ಮುಂಚಿನದು ಎಂದು. ಸ್ಪೇನಿನವರ ಸಣ್ಣ ತಿನಿಸಿನ ಹೆಸರು 'ತಾಪಾ'. ಆ ಪದಕ್ಕೆ ಮುಚ್ಚಳ ಎಂಬ ಅರ್ಥವೂ ಇದೆ. ಬೆಂಗಳೂರಿನ ಹೋಟೆಲುಗಳಲ್ಲಿ ಇದು 'ಸ್ಟಾರ್ಟರ್'.

ನಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಹೆಸರೇ ಬೇಕಾಗಲಿಲ್ಲ. ನಮ್ಮಲ್ಲಿ 'ತಿಂಡಿ' ಎಂದರೆ ಇಡ್ಲಿ, ದೋಸೆ, ಉಪ್ಪಿಟ್ಟು. ಅದು ಅರ್ಧ ಊಟ. 'ಕುರುಕು ತಿಂಡಿ' ಎಂದರೆ ಸಂಜೆ ಕಾಫಿಯ ಜೊತೆಗಿನದು. ಮದುವೆಮನೆಯಲ್ಲಿ ಬಾಳೆಲೆ ಹಾಕಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಡಿಸಿಕೊಂಡು ಬರುತ್ತಾರೆ. ಅನ್ನ ಇನ್ನೂ ಆಚೆ ಸಾಲಿನಲ್ಲಿರುತ್ತದೆ. ಅಷ್ಟರಲ್ಲಿ ನೀವು ಎರಡು ಬೆರಳಲ್ಲಿ ಕೋಸಂಬರಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತೀರಲ್ಲ, ಪಕ್ಕದಲ್ಲಿ ಕೂತ ಅಜ್ಜಿ "ತಡಿಯೋ, ಎಲ್ಲಾ ಬರಲಿ" ಎನ್ನುತ್ತಾರಲ್ಲ, ಅದೇ ನಮ್ಮ ಓರ್ ದವ್ರ್.

ಹಾಗಾದರೆ ಆಫೀಸಿನ ಕೂಟಕ್ಕೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ? ನಾನು ಐದು ಪರೀಕ್ಷೆ ಇಟ್ಟುಕೊಂಡಿದ್ದೇನೆ.

ಒಂದನೆಯದು, ನಿಂತುಕೊಂಡು ಒಂದೇ ಕೈಯಲ್ಲಿ ತಿನ್ನುವಂತಿರಬೇಕು. ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇರುತ್ತದೆ. ಚಟ್ನಿ, ಪಲ್ಯ, ಸಾಗು ಬೇಡುವ ಮಸಾಲೆ ದೋಸೆ ಇಲ್ಲೇ ಫೇಲು. ಕೋಡುಬಳೆ ಪಾಸು, ಅದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡೂ ಓಡಾಡಬಹುದು.

ಎರಡನೆಯದು, ಎರಡು ಮೂರು ತುತ್ತಿನಲ್ಲಿ ಮುಗಿಯಬೇಕು. ಮದ್ದೂರು ವಡೆಯ ರುಚಿಗೆ ಎದುರಿಲ್ಲ, ಆದರೆ ಅಂಗೈ ಅಗಲದ ಒಂದು ವಡೆ ತಿಂದವರು ಊಟದ ಕಡೆ ನೋಡುವುದಿಲ್ಲ. ಅದೇ ಹಿಟ್ಟನ್ನು ಬಿಸ್ಕತ್ತಿನ ಗಾತ್ರಕ್ಕೆ ತಟ್ಟಿದರೆ ಪಾಸು. ನಿಪ್ಪಟ್ಟಿಗೂ ಇದೇ ಮಾತು.

ಮೂರನೆಯದು, ಹಸಿವನ್ನು ಎಬ್ಬಿಸಬೇಕು, ಮಲಗಿಸಬಾರದು. ಹುಳಿ, ಉಪ್ಪು, ಖಾರ, ಗರಿಗರಿ ಇದ್ದರೆ ನಾಲಿಗೆ ಚುರುಕಾಗುತ್ತದೆ. ಬಿಸಿಬೇಳೆಬಾತ್ ಎಷ್ಟು ಚೆನ್ನಾಗಿದ್ದರೂ, ಎಷ್ಟು ಚಿಕ್ಕ ಬಟ್ಟಲಿನಲ್ಲಿ ಕೊಟ್ಟರೂ ಅದು ಊಟವೇ.

ನಾಲ್ಕನೆಯದು, ಆರಿದ ಮೇಲೂ ರುಚಿ ಕೆಡಬಾರದು. ಬೆಳಗ್ಗೆ ಡಬ್ಬಿಗೆ ತುಂಬಿ ಬಸ್ಸಿನಲ್ಲೋ ಮೆಟ್ರೋದಲ್ಲೋ ಹೊತ್ತು ತಂದದ್ದನ್ನು ಮಧ್ಯಾಹ್ನ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ಬಜ್ಜಿ, ಬೋಂಡ ಮೆತ್ತಗಾಗಿರುತ್ತವೆ. ಚುರುಮುರಿ ಒಯ್ಯುವವರು ಪುರಿ ಬೇರೆ, ಈರುಳ್ಳಿ ಟೊಮೇಟೊ ಬೇರೆ ಒಯ್ದು ಅಲ್ಲೇ ಕಲಸಬೇಕು. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆಯಷ್ಟೇ ಹಾಕಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಹೆಸರುಬೇಳೆ ಅದರಲ್ಲಿ ತೇಲುತ್ತದೆ.

ನಗರದಲ್ಲಿ ಸ್ಟಾರ್ಟರ್ ಎಂದೊಡನೆ ಮಕ್ಕಳು ಕೂಗುವುದು ಗೋಬಿ ಮಂಚೂರಿ ಎಂದು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣವಿಲ್ಲದೆ ಮನೆಯಲ್ಲಿ ಮಾಡಿದ್ದು ಚೆನ್ನಾಗಿಯೇ ಇರುತ್ತದೆ, ಆದರೆ ನಾಲ್ಕನೆಯ ಪರೀಕ್ಷೆಯಲ್ಲಿ ಅದೂ ಮೆತ್ತಗಾಗಿ ಕೂರುತ್ತದೆ.

ಡಿಸೆಂಬರಿನಲ್ಲಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಆಗುತ್ತದೆ. ಅಲ್ಲಿಂದ ತಂದ ಕಡಲೆಕಾಯಿ ಮನೆಯಲ್ಲಿ ಇನ್ನೂ ಇರುತ್ತದೆ. ಆ ಹೊತ್ತಿಗೆ ಅವರೆಕಾಯಿಯ ಕಾಲವೂ ಬಂದಿರುತ್ತದೆ. ಅವರೆಕಾಳು ನೆನೆಸಿ, ಹಿತಕಿ, ನೀರಾರಿಸಿ, ಎಣ್ಣೆಯಲ್ಲಿ ಕರಿದು, ಉಪ್ಪು ಖಾರ ಕರಿಬೇವು ಬೆರೆಸಿದರೆ ನಾಲ್ಕೂ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ಹಿತಕುವ ಕೆಲಸಕ್ಕೆ ಮೊಮ್ಮಕ್ಕಳನ್ನು ಕೂರಿಸಿಕೊಳ್ಳಿ, ಅಜ್ಜಿಯರೇ. ಕಾಳು ಸಿಪ್ಪೆಯಿಂದ ಹಾರಿ ಸೋಫಾ ಕೆಳಗೆ ಹೋಗುವುದನ್ನು ನೋಡಲೆಂದೇ ಅವರು ಬರುತ್ತಾರೆ.

ಐದನೆಯ ಪರೀಕ್ಷೆಯೇ ಕಷ್ಟದ್ದು: ತಿನಿಸು ಎಲ್ಲರಿಗೂ ಸಿಗಬೇಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇರುತ್ತಾರೆ, ಕಡಲೆಕಾಯಿ ಒಗ್ಗದವರು ಇರುತ್ತಾರೆ, ಸಕ್ಕರೆ ಕಾಯಿಲೆಯವರು ಇರುತ್ತಾರೆ. ಡಬ್ಬಿಯ ಮೇಲೆ ಏನೇನು ಹಾಕಿದೆ ಎಂದು ಒಂದು ಚೀಟಿ ಅಂಟಿಸಿದರೆ ಅಷ್ಟು ಮಟ್ಟಿಗೆ ಸರಿಹೋಗುತ್ತದೆ. ಆದರೆ 'ಎಲ್ಲರೂ' ಎಂದರೆ ಯಾರು ಯಾರು?

ಇದಕ್ಕೆ ನಮ್ಮ ಆಯುಧಪೂಜೆಯನ್ನು ನೋಡಿ. ನಮ್ಮ ಕಡೆಯ ಆಫೀಸುಗಳಿಗೆ ನಿಜವಾದ ವಾರ್ಷಿಕ ಕೂಟ ಅದೇ. ಹಬ್ಬದ ದಿನ ರಜೆ, ಆದ್ದರಿಂದ ಪೂಜೆ ಮುಂಚಿನ ಕೆಲಸದ ದಿನದ ಸಂಜೆಯೇ ಆಗಿಬಿಡುತ್ತಿತ್ತು. ನಾನು ಬ್ಯಾಂಕಿನಲ್ಲಿದ್ದಾಗ ಲೆಡ್ಜರು, ಟೈಪ್‌ರೈಟರು, ಚಿನ್ನ ತೂಗುವ ತಕ್ಕಡಿ, ತಿಜೋರಿಯ ಬಾಗಿಲು ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಮಂಗಳಾರತಿ ಆದ ಮೇಲೆ ಕಡ್ಲೆಪುರಿಯ ಪೊಟ್ಟಣ. ಪುರಿ ಬಹಳ ಹಗುರ. ಅದಕ್ಕೇ ಹಬ್ಬದ ವಾರ ರಸ್ತೆ ಬದಿಯಲ್ಲಿ ರಾಶಿ ಹಾಕಿ ಸೇರಿನಲ್ಲಿ ಅಳೆದು ಕೊಡುತ್ತಾರೆ. ಅದಕ್ಕೆ ಹುರಿಗಡಲೆ, ಕೊಬ್ಬರಿ ಚೂರು, ಬತ್ತಾಸು ಬೆರೆಸಿ ಕಾಗದದಲ್ಲಿ ಕಟ್ಟುತ್ತಿದ್ದೆವು. ಮ್ಯಾನೇಜರಿಗೂ ಜವಾನನಿಗೂ ಒಂದೇ ಅಳತೆ. ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರ ಪೂಜೆಗೆ ಒಳಗೆ ಬರುವಂತಿರಲಿಲ್ಲ. ಅವನ ಪೊಟ್ಟಣ ಬಾಗಿಲಿಗೇ ಹೋಗುತ್ತಿತ್ತು.

ಸಣ್ಣ ತಿನಿಸಿನ ಗುಣವೇ ಇದು. ಊಟ ಬೇಕಾದವರು ಮೇಜಿನ ಹತ್ತಿರ ಬರಬೇಕು, ತಟ್ಟೆ ಹಿಡಿಯಬೇಕು, ಅದಕ್ಕೆ ಬಿಡುವು ಬೇಕು. ಸಣ್ಣ ತಿನಿಸು ಜನ ಇದ್ದಲ್ಲಿಗೇ ಹೋಗುತ್ತದೆ. ನಿಂತು, ಒಂದೇ ಕೈಯಲ್ಲಿ ತಿನ್ನುವಂತಿರಬೇಕು ಎಂದೆನಲ್ಲ, ಅದು ಹೆಚ್ಚು ಉಪಯೋಗಕ್ಕೆ ಬರುವುದು ದಿನವಿಡೀ ನಿಂತೇ ಕೆಲಸ ಮಾಡುವವರಿಗೆ.

ಸೊಸೆಗೆ ಬಂದ ಪಟ್ಟಿಯಲ್ಲಿ 42 ಹೆಸರುಗಳಿದ್ದವು. ತಲೆಗೆ ಎರಡರಂತೆ 84 ಕೋಡುಬಳೆ ಎಂದು ಲೆಕ್ಕ ಹಾಕಿದಳು. ಮೊಮ್ಮಗಳು ಒಂದೆರಡು ಸಲ ಆ ಆಫೀಸಿಗೆ ಹೋಗಿದ್ದಳು. ಅಲ್ಲಿ ನೆಲ ಒರೆಸುವ ಒಬ್ಬಾಕೆ ಇವಳ ಜಡೆಗೆ ಹೂ ಮುಡಿಸಿದ್ದರಂತೆ. "ಅಮ್ಮ, ಆ ಆಂಟಿ ಹೆಸರು ಎಲ್ಲಿದೆ?" ಎಂದಳು. ಅವರು ಗುತ್ತಿಗೆಯವರು, ಪಟ್ಟಿ ಬರುವುದು ಸಂಬಳದ ಪುಸ್ತಕದಿಂದ ಎಂದು ಸೊಸೆ ವಿವರಿಸಿದಳು. "ಉಳಿದರೆ ಅವರಿಗೂ ಕೊಡ್ತೀವಿ, ಪುಟ್ಟಿ." ಮೊಮ್ಮಗಳು ಬಿಡಲಿಲ್ಲ. "ಉಳೀದಿದ್ರೆ?"

ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು ಬೆರಳು ಮಡಿಸಿದಳು. ಸ್ವಚ್ಛತೆಯವರು ನಾಲ್ಕು, ಕಾವಲಿನವರು ಮೂರು, ಕಾರು ಓಡಿಸುವವರು ಇಬ್ಬರು, ಒಟ್ಟು 9. ಇನ್ನೂ 18 ಕೋಡುಬಳೆ. ಒಂದು ಪಾವು ಹಿಟ್ಟು ಹೆಚ್ಚಾಯಿತು, ಅಷ್ಟೆ. ಆ 18ನ್ನು ಬೇರೆ ಡಬ್ಬಿಗೆ ಹಾಕಿ ಮೊದಲೇ ಎತ್ತಿಟ್ಟಳು. ಉಳಿದದ್ದನ್ನು ಕೊಡುವುದು ಬೇರೆ, ಪಾಲು ಎತ್ತಿಡುವುದು ಬೇರೆ. ತಿನ್ನುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ನಿಮಗೊಂದು ಲೆಕ್ಕ, ಮಕ್ಕಳೇ. ನಿಮ್ಮ ಹುಟ್ಟುಹಬ್ಬಕ್ಕೆ ತರಗತಿಗೆ ಸಣ್ಣ ನಿಪ್ಪಟ್ಟು ಒಯ್ಯುತ್ತೀರಿ ಅಂದುಕೊಳ್ಳಿ. ತರಗತಿಯಲ್ಲಿ 38 ಮಕ್ಕಳು, ತಲೆಗೆ ಎರಡು. ಎಷ್ಟು ನಿಪ್ಪಟ್ಟು ಬೇಕು? 76 ಎಂದು ತಕ್ಷಣ ಹೇಳಬೇಡಿ. ಟೀಚರ್, ಆಯಾ, ಗೇಟಿನ ತಾತ, ವ್ಯಾನ್ ಅಂಕಲ್... ಹೀಗೆ ಪಟ್ಟಿಯಲ್ಲಿ ಇಲ್ಲದವರನ್ನು ನಿಮ್ಮ ಶಾಲೆಯಲ್ಲಿ ಒಂದು ಸಲ ಎಣಿಸಿಕೊಂಡು ಬನ್ನಿ. ಆಮೇಲೆ ಗುಣಿಸಿ, ಉತ್ತರವನ್ನು ಹಿಟ್ಟು ಕಲಸುವ ಮುಂಚೆ ಅಜ್ಜಿಗೆ ಹೇಳಿ.