ಗಂಧದ ಗೆಲ್ಲಿನ ಚಿತ್ರ

ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ನೀವು ನೋಡಿರಬಹುದು. ಬೈಂದೂರಿನವರಿಗೆ ಕೊಲ್ಲೂರು ಘಾಟಿ ಹತ್ತಿದರೆ ಸಾಗರ ದೂರವೇನಲ್ಲ. ಗಂಧ ಅಪರೂಪವಾಗಿ ಅವರ ಉಳಿಗೆ ಈಗ ಶಿವನಿ ಮರವೇ ಹೆಚ್ಚು ಸಿಗುವುದು. ಕಳ್ಳರು ಗಂಧ ಕಡಿದದ್ದು ಎಲ್ಲರಿಗೂ ಗೊತ್ತು. ರೋಗ ಕೊಂದದ್ದು ಎಷ್ಟು ಮಂದಿಗೆ ಗೊತ್ತು?

1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗವದು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ; ರಸ ಹೀರುವ ಜಿಗಿಹುಳುಗಳಿಂದ ಹರಡುತ್ತದೆ. ಎಲೆಗಳು ಕಿರಿದಾಗಿ, ಒತ್ತೊತ್ತಾಗಿ, ಮುಳ್ಳಿನಂತೆ ಸೆಟೆದು ನಿಲ್ಲುತ್ತವೆ. ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತದೆ. ಶುಕ್ರವಾರ ಅತ್ತರ್ ಹಚ್ಚುವ ನಮಗೆ ಆ ಪರಿಮಳದ ಬೆಲೆ ಹೇಳಬೇಕಾಗಿಲ್ಲ.

ಮದ್ರಸದ ಮಕ್ಕಳಿಂದ ಎರಡು ಗೆಲ್ಲುಗಳ ಚಿತ್ರ ಬರೆಸಿದೆ. ಒಂದು ಆರೋಗ್ಯದ್ದು, ಇನ್ನೊಂದು ರೋಗದ್ದು. “ಉಸ್ತಾದ್, ಚಿತ್ರ ಬರೆಯಬಹುದಾ?” ಎಂದಳು ಒಬ್ಬಳು. ಚಿತ್ರವೇ ಜೀವನೋಪಾಯವಾಗಿದ್ದವನಿಗೆ ಇಬ್ನು ಅಬ್ಬಾಸ್(ರ) ಮರಗಳನ್ನು ಬರೆಯಲು ಹೇಳಿದ್ದನ್ನು ತಿಳಿಸಿದೆ. ಅವಳಿಗೆ ಸಮಾಧಾನವಾಯಿತು.

ರೋಗದ ಗೆಲ್ಲೇ ಚಂದ ಎಂದರು ಹೆಚ್ಚಿನವರು! ಕಾಗದದಲ್ಲಿ ಚಂದವೇ. ನೀವೂ ಮನೆಯಲ್ಲಿ ಬರೆಸಿ ನೋಡಿ. ಹಿತ್ತಿಲಲ್ಲಿ ಗಂಧದ ಗಿಡವಿದ್ದರೆ, ಚಿತ್ರ ಹಿಡಿದುಕೊಂಡು ಹೋಗಿ ಎಲೆ ಹೋಲಿಸಿ.