ಘಾಜಿಯಾಬಾದಿನ 'ಕಾಡು ಕುದುರೆ' ಮತ್ತು ನಮ್ಮ ಸಂಘದ ಛಾಯಾಚಿತ್ರ ಸ್ಪರ್ಧೆ

ನಮ್ಮ ಕನ್ನಡ ಸಂಘದ ಬೇಸಿಗೆ ಛಾಯಾಚಿತ್ರ ಸ್ಪರ್ಧೆಯ ಪ್ರಕಟಣೆ ಈ ಬಾರಿಯೂ ಹೊರಬಿದ್ದಿದೆ. ಮೇ ಒಂದರಿಂದ ಜುಲೈ ಕೊನೆಯವರೆಗೆ ದೆಹಲಿ ಸುತ್ತಮುತ್ತ ತೆಗೆದ ವನ್ಯಜೀವಿಗಳ ಚಿತ್ರಗಳು, ಬಹುಮಾನ ವಿತರಣೆ ಸ್ವಾತಂತ್ರ್ಯ ದಿನಾಚರಣೆಯಂದು. ವರ್ಷವಿಡೀ ದಾಸರ ಪದ, ಹಾಸ್ಯ ನಾಟಕ, ಬಿಸಿಬೇಳೆ ಬಾತಿನ ಸುತ್ತಲೇ ನಡೆಯುವ ನಮ್ಮ ಚಟುವಟಿಕೆಗಳ ನಡುವೆ ಯುವಕರನ್ನು ಸಂಘದ ಬಾಗಿಲಿಗೆ ತಂದ ಕಾರ್ಯಕ್ರಮ ಇದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮಾವಳಿ ಓದಿದಾಗ ಒಂದು ಮಾತು ಹೇಳಲೇಬೇಕೆನಿಸಿತು. ಚಿತ್ರದ ಅಳತೆ, ಪ್ರವೇಶ ಶುಲ್ಕ, ಕೊನೆಯ ದಿನಾಂಕ ಎಲ್ಲವೂ ಅದರಲ್ಲಿವೆ. ಪ್ರಾಣಿಯ ಬಗ್ಗೆ ಒಂದು ಸಾಲೂ ಇಲ್ಲ.

ಬಿಇಎಲ್‌ನ ಜಾಲಹಳ್ಳಿಯಿಂದ ಸಾಹಿಬಾಬಾದ್ ಘಟಕಕ್ಕೆ ವರ್ಗವಾಗಿ ಬಂದವನು ನಾನು. ಊರಲ್ಲಿದ್ದಾಗ ವನ್ಯಜೀವಿ ಎಂದರೆ ಬಂಡೀಪುರ, ನಾಗರಹೊಳೆ. ಇಲ್ಲಿ ಫ್ಲ್ಯಾಟು, ಫ್ಲೈಓವರ್ ಬಿಟ್ಟರೆ ಬೇರೇನಿದೆ ಎಂದುಕೊಂಡಿದ್ದೆ. ಒಂದು ಮುಂಜಾನೆ ಮುರಾದ್‌ನಗರದ ಗಂಗಾ ಕಾಲುವೆಯ ಕಡೆ ಹೋದಾಗ ಕಬ್ಬಿನ ಗದ್ದೆಯ ಅಂಚಿನಲ್ಲಿ ಕುದುರೆಯಂಥದೊಂದು ಪ್ರಾಣಿ ನಿಂತಿತ್ತು. ಬೂದಿ ನೀಲಿ ಮೈ, ಗಂಟಲಲ್ಲಿ ಬಿಳಿ ಮಚ್ಚೆ, ಗೇಣುದ್ದದ ಕೊಂಬು. ಅದೇ ನೀಲಗಾಯಿ. ಹೆಸರಲ್ಲಿ ಗಾಯಿ ಇದ್ದರೂ ಹಸುವಲ್ಲ, ಏಷ್ಯಾದ ಅತಿ ದೊಡ್ಡ ಹುಲ್ಲೆ. ಬ್ರಿಟಿಷರ ಕಾಲದ ಪ್ರಾಣಿಶಾಸ್ತ್ರ ಗ್ರಂಥಗಳು ಇದಕ್ಕೆ ಕನ್ನಡದಲ್ಲಿ 'ಮರವಿ' ಮತ್ತು 'ಕಾಡು ಕುದುರೆ' ಎಂಬ ಹೆಸರುಗಳಿದ್ದುದನ್ನು ಬರೆದಿಟ್ಟಿವೆ. ಬಿಹಾರದವರೂ ಇದನ್ನು 'ಘೋಡ್‌ಪರಾಸ್' ಎಂದು ಕುದುರೆಯ ಹೆಸರಿನಿಂದಲೇ ಕರೆಯುತ್ತಾರೆ. (ಕಾಡು ಸೇರಿದ ನಿಜವಾದ ಕುದುರೆಗಳನ್ನೇ ನೋಡಬೇಕೆಂದರೆ ಅಸ್ಸಾಮಿನ ದಿಬ್ರು-ಸೈಖೋವಾಕ್ಕೆ ಹೋಗಬೇಕು.) ನಮ್ಮ ನುಡಿಯಲ್ಲೇ ಹೆಸರಿದ್ದ ಪ್ರಾಣಿಯನ್ನು ಘಾಜಿಯಾಬಾದಿಗೆ ಬಂದು ಗುರುತಿಸಿದೆನಲ್ಲ ಎಂದು ಅಂದು ನನಗೇ ನಗು ಬಂತು.

ಇಲ್ಲಿನ ಬೇಸಿಗೆಯಲ್ಲಿ ಕ್ಯಾಮರಾ ಹಿಡಿಯುವುದು ಸುಲಭವಲ್ಲ. ಬೆಳಿಗ್ಗೆ ಏಳೂವರೆ ದಾಟಿದರೆ ಬಿಸಿಲು ಚಪ್ಪಟೆಯಾಗುತ್ತದೆ. ಒಂಬತ್ತಕ್ಕೆ ನೆಲದಿಂದ ಏಳುವ ಝಳದಿಂದಾಗಿ ಉದ್ದನೆಯ ಲೆನ್ಸಿನಲ್ಲಿ ತೆಗೆದ ಚಿತ್ರ ನೀರಿನಲ್ಲಿ ಕಂಡಂತೆ ಕದಡಿರುತ್ತದೆ. ಎಷ್ಟು ಬೆಲೆಯ ಲೆನ್ಸಾದರೂ ಇದಕ್ಕೆ ಮದ್ದಿಲ್ಲ. ಪ್ರಾಣಿಯ ಹತ್ತಿರ ಹೋಗಬೇಕೆಂಬ ಆಸೆ ಹುಟ್ಟುವುದೇ ಆಗ. ಮಧ್ಯಾಹ್ನ 'ಲೂ' ಗಾಳಿ. ಸಂಜೆ ಪಶ್ಚಿಮದಲ್ಲಿ ಕಂದು ಗೋಡೆಯೊಂದು ಎದ್ದಿತೆಂದರೆ ಹತ್ತು ನಿಮಿಷದಲ್ಲಿ ಆಂಧಿ ಮೈಮೇಲೆ ಬಂದಿರುತ್ತದೆ. ಅಂಥ ಹೊತ್ತಿನಲ್ಲಿ ಲೆನ್ಸ್ ಬದಲಿಸಿದವರ ಕ್ಯಾಮರಾ ಸೆನ್ಸರಿಗೆ ದೂಳು ಸೇರಿತೆಂದೇ ಲೆಕ್ಕ. ಆದರೆ ಮಳೆ ಬಂದು ದೂಳು ಅಡಗಿದ ಮೇಲೆ ಸಿಗುವ ಆ ಅರ್ಧ ಗಂಟೆಯ ಬೆಳಕಿದೆಯಲ್ಲ, ಅದಕ್ಕಾಗಿ ಎರಡು ತಿಂಗಳು ಕಾಯಬಹುದು. ತೊಳೆದಿಟ್ಟಂತೆ ಹಸಿರು, ಕಪ್ಪು ಮೋಡದ ಮುಂದೆ ಹೊಳೆಯುವ ನೀಲಗಾಯಿಯ ಒದ್ದೆ ಬೆನ್ನು.

ಆ ಅರ್ಧ ಗಂಟೆಯ ಆಸೆಗೇ ನಾನು ತಪ್ಪು ಮಾಡಿದ್ದು. ಹಿಂದೊಂದು ಜೂನ್‌ನಲ್ಲಿ ಮಳೆ ನಿಂತ ಕೂಡಲೇ ಗದ್ದೆಗಿಳಿದೆ. ಹುಲ್ಲಿನಲ್ಲಿ ನೀಲಗಾಯಿಯ ಮರಿಯೊಂದು ಅಡಗಿ ಮಲಗಿತ್ತು. ತಾಯಿ ಮರಿಯನ್ನು ಹೀಗೆ ಬಚ್ಚಿಟ್ಟು ಮೇಯಲು ಹೋಗುವುದು, ಹಾಲೂಡಿಸಲು ಮರಳುವುದು ಈ ಪ್ರಾಣಿಯ ಕ್ರಮ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಇನ್ನೂ ನಾಲ್ಕು ಹೆಜ್ಜೆ ಮುಂದಿಟ್ಟೆ. ಮರಿ ಎದ್ದು ಓಡಿತು, ಅದನ್ನು ಕಂಡು ಬದುವಿನಾಚೆಯ ಹಿಂಡೂ ಓಡಿತು, ಟ್ರ್ಯಾಕ್ಟರುಗಳು ಓಡಾಡುವ ರಸ್ತೆಗೇ. ಒಂದು ಲಾರಿ ಕಿರ್ರೆಂದು ನಿಂತಿತು. ಏನೂ ಆಗಲಿಲ್ಲ. ಗದ್ದೆಯ ಯಜಮಾನ ಬಂದು, 'ಭಾಯ್‌ಸಾಬ್, ನಾವು ರಾತ್ರಿಯಿಡೀ ಇವನ್ನು ಗದ್ದೆಯಿಂದ ಓಡಿಸುತ್ತೇವೆ, ನೀವು ಹಗಲಲ್ಲಿ ಗದ್ದೆಯೊಳಗೇ ಅಟ್ಟುತ್ತೀರಿ' ಎಂದು ಹಿಂದಿಯಲ್ಲಿ ಹೇಳಿದ. ತುಳಿದ ಬೆಳೆ ಅವನದು. ಆ ಚಿತ್ರವನ್ನು ನಾನು ಸ್ಪರ್ಧೆಗೆ ಕಳಿಸಲಿಲ್ಲ. ಕಳಿಸಿದ್ದರೆ ಬಹುಮಾನ ಬರುತ್ತಿತ್ತೇನೋ! ನಿಯಮಾವಳಿಯ ಪ್ರಕಾರ ಅದರಲ್ಲಿ ಯಾವ ದೋಷವೂ ಇರಲಿಲ್ಲ.

ರೈತನ ಸಿಟ್ಟು ಸಣ್ಣದಲ್ಲ ಎಂಬುದನ್ನೂ ನಾವು ತಿಳಿಯಬೇಕು. ಬೆಳೆಹಾನಿಯ ಕಾರಣಕ್ಕೆ 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಬಿಹಾರದಲ್ಲಿ ನೀಲಗಾಯಿಯನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 2016ರಲ್ಲಿ ಮೊಕಾಮಾದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಊರವರ ಸಹನೆಯ ಮೇಲೆ ಬದುಕುತ್ತಿರುವ ಪ್ರಾಣಿಯನ್ನು ಹವ್ಯಾಸಕ್ಕಾಗಿ ಗದ್ದೆಯಿಂದ ಗದ್ದೆಗೆ ಅಟ್ಟುವುದು ಎಷ್ಟು ಸರಿ?

ಸಾರಸದ ವಿಷಯವಂತೂ ಇನ್ನೂ ಸೂಕ್ಷ್ಮ. ಗ್ರೇಟರ್ ನೋಯ್ಡಾ ಕಡೆಯ ಧನೌರಿ ಜೌಗಿಗೆ ನಮ್ಮ ಸದಸ್ಯರು ಹೆಚ್ಚಾಗಿ ಹೋಗುವುದು ಈ ಹಕ್ಕಿಗಾಗಿ. ಉತ್ತರ ಪ್ರದೇಶದ ರಾಜ್ಯಪಕ್ಷಿ, ಹಾರುವ ಹಕ್ಕಿಗಳಲ್ಲೇ ಅತಿ ಎತ್ತರದ್ದು. ಮುಂಗಾರು ಬಿದ್ದ ಮೇಲೆ ನೀರಿನ ನಡುವೆ ಗೂಡು, ಸಾಮಾನ್ಯವಾಗಿ ಎರಡೇ ಮೊಟ್ಟೆ, ಗಂಡು ಹೆಣ್ಣು ಸರದಿಯಲ್ಲಿ ತಿಂಗಳಷ್ಟು ಕಾವು. ನಮ್ಮ ಸ್ಪರ್ಧೆಯ ಕೊನೆಯ ದಿನಾಂಕ ಜುಲೈ ಕೊನೆ. ಎಂದರೆ ಹಕ್ಕಿ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ನಾವು ಸದಸ್ಯರನ್ನು ನೀರಿಗಿಳಿಸುತ್ತಿದ್ದೇವೆ. ಮನುಷ್ಯ ಸಮೀಪಿಸಿದರೆ ಹಕ್ಕಿ ಗೂಡು ಬಿಟ್ಟೇಳುತ್ತದೆ, ಆ ಸಮಯದಲ್ಲಿ ಕಾಗೆಗೋ ನಾಯಿಗೋ ಮೊಟ್ಟೆ ಸಿಕ್ಕರೆ ಆ ವರ್ಷದ ಸಂಸಾರ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಪರಿಗಣಿಸುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕನ್ನಡಿಗರಿಗೆ ಈ ಕಲೆಯಲ್ಲಿ ದೊಡ್ಡ ಪರಂಪರೆಯೇ ಇದೆ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ, 2017ರಲ್ಲಿ ಅಗಲಿದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳನ್ನು ಸೆರೆಹಿಡಿದ ತೇಜಸ್ವಿ, ಕೃಪಾಕರ-ಸೇನಾನಿ ಜೋಡಿ. ಇವರ ಚಿತ್ರಗಳನ್ನು ಸಂಘದ ಸಭಾಂಗಣದಲ್ಲಿ ಒಮ್ಮೆ ತೋರಿಸಿದರೆ ನಮ್ಮ ಹುಡುಗರಿಗೆ ತರಬೇತಿ ಶಿಬಿರಕ್ಕಿಂತ ಹೆಚ್ಚು ಪ್ರಯೋಜನವಾದೀತು.

ಆದ್ದರಿಂದ ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ ಇಷ್ಟು. ಗೂಡು, ಮೊಟ್ಟೆ, ಮರಿಗಳ ಚಿತ್ರವನ್ನು ಸ್ಪರ್ಧೆಗೆ ಸ್ವೀಕರಿಸಬಾರದು. ಡ್ರೋನ್ ಬೇಡ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಕೊನೆಯ ದಿನಾಂಕವನ್ನು ಜೂನ್ 20ಕ್ಕೆ ತರಬೇಕು. ಪ್ರಾಣಿ ಚಿಕ್ಕದಾಗಿ, ಆಕಾಶ ದೊಡ್ಡದಾಗಿ ಕಾಣುವ ಚಿತ್ರಕ್ಕೆ ಪ್ರತ್ಯೇಕ ಬಹುಮಾನವಿರಲಿ. ಆಂಧಿ, ಮೋಡ, ಮಳೆಯನ್ನು ದೂರದಿಂದಲೇ ಹಿಡಿಯಬಹುದು, ಅದಕ್ಕೆ ಲಕ್ಷ ರೂಪಾಯಿಯ ಲೆನ್ಸೂ ಬೇಕಿಲ್ಲ. ಇದರಿಂದ ಚಿತ್ರಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಸಮಿತಿಯ ಹಿರಿಯರೊಬ್ಬರು ಈಗಾಗಲೇ ಹೇಳಿದ್ದಾರೆ. ಆಗಲಿ, ಕಡಿಮೆಯಾಗಲಿ.

ಇನ್ನೊಂದು ಮಾತು, ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳಿಗೆ. 2018ರ ಮೇ 2ರ ರಾತ್ರಿ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಬೀಸಿದ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಗುಡುಗು ಕೇಳಿದ ಕೂಡಲೇ ಟ್ರೈಪಾಡ್ ಮಡಚಿ ಕಾರು ಸೇರಬೇಕು. ಬಯಲಿನ ಒಂಟಿ ನೀಲಗಿರಿ ಮರದಡಿ ನಿಲ್ಲಲೇಬಾರದು. ಮುಂದಿನ ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ನಾನು ಕಾಲುವೆಯ ಕಡೆ ಹೊರಡುತ್ತೇನೆ, ಕಾರಿನಲ್ಲಿ ಮೂವರಿಗೆ ಜಾಗವಿದೆ. ಗದ್ದೆಗೆ ಇಳಿಯುವುದಿಲ್ಲ, ದಾರಿಯಿಂದಲೇ ನೋಡುವುದು.