ಯಂತ್ರ ಒಗ್ಗಬೇಕಾದರೆ

“ನಮ್ಮ ಜನ ಬದಲಾವಣೆಗೆ ಒಗ್ಗುವುದಿಲ್ಲ” ಎಂಬ ಮಾತು ತರಬೇತಿ ಶಿಬಿರಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಹೊಸ ಯಂತ್ರ ಓಡಿದರೆ ಕೀರ್ತಿ ಅದನ್ನು ತಂದವರಿಗೆ, ಮೂಲೆ ಸೇರಿದರೆ ತಪ್ಪು ಕೆಲಸಗಾರರದು. ಶಿಡ್ಲಘಟ್ಟದ ರೇಷ್ಮೆಯನ್ನು ಹತ್ತಿರದಿಂದ ಬಲ್ಲವರು ಈ ಮಾತನ್ನು ಒಪ್ಪಲಾರರು.

ಈ ಸೀಮೆಯ ಬೆಳೆಗಾರರು ಹಿಂದೆ ಹಿಪ್ಪುನೇರಳೆ ಎಲೆಯನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಹುಳುಗಳಿಗೆ ಹಾಕುತ್ತಿದ್ದರು. ಆಮೇಲೆ ರೆಂಬೆಯನ್ನೇ ಕಡಿದು ಹಾಸುವ ಪದ್ಧತಿ ಬಂತು. ಆಳಿನ ಖರ್ಚು ಇಳಿದದ್ದು ಪಕ್ಕದ ಹುಳುಮನೆಯಲ್ಲಿ ಕಣ್ಣಾರೆ ಕಂಡಿತು. ಯಾರ ಉಪದೇಶಕ್ಕೂ ಕಾಯದೆ ಊರೂರೇ ಬದಲಾದವು. ಎರಡನೇ ಜ್ವರದವರೆಗೆ, ಅಂದರೆ ಹುಳು ಎರಡನೇ ಸಲ ಪೊರೆ ಕಳಚುವವರೆಗೆ, ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರಗಳನ್ನೂ ಬೆಳೆಗಾರರು ನಂಬಿದರು. 1991ರಿಂದ 2007ರವರೆಗೆ ಜಪಾನಿನ ಸಹಕಾರದಲ್ಲಿ ನಡೆದ ದ್ವಿತಳಿ ರೇಷ್ಮೆಹುಳು ಯೋಜನೆಯೂ ಪ್ರಯೋಗಾಲಯ ಬಿಟ್ಟು ರೈತರ ಹುಳುಮನೆಗೆ ಇಳಿದ ಮೇಲೆಯೇ ಬೇರುಬಿಟ್ಟಿತು. ಇವರು ಬದಲಾವಣೆಗೆ ಒಗ್ಗದ ಜನವೇ?

ಗೂಡು ಮಾರುಕಟ್ಟೆಗೆ ಇ-ಹರಾಜು ಬಂದಿದೆ. ಗೂಡು ಕೊಂಡು ನೂಲು ತೆಗೆಯುವ ರೀಲರ್ ಈಗ ಬೆಲೆಯನ್ನು ಮೊಬೈಲಿನಲ್ಲಿ ಒತ್ತುತ್ತಾನೆ. ಆದರೆ ಅದಕ್ಕೆ ಮೊದಲು ಗೂಡಿನ ಲಾಟಿನ ಮುಂದೆ ನಿಂತು, ಒಂದು ಗೂಡನ್ನು ಬೆರಳಲ್ಲಿ ಅಮುಕಿ, ಕಿವಿಯ ಹತ್ತಿರ ಅಲುಗಿಸಿ ಒಳಗಿನ ಕೋಶದ ಸದ್ದು ಕೇಳುತ್ತಾನೆ. ಗೂಡಿನ ಗಟ್ಟಿತನ ಪರದೆಯಲ್ಲಿ ಕಾಣದು. ಆ ಬೆರಳಿಗೆ ಜಾಗ ಉಳಿದದ್ದರಿಂದ ಹೊಸ ಹರಾಜು ರೂಢಿಯಾಯಿತು.

ನೂಲು ಬಿಚ್ಚುವ ಮನೆಯ ಕಥೆ ಬೇರೆ. ನೂಲು ತೆಗೆಯುವ ಹಳೆಯ ಸಾಧನಗಳಾದ ಚರಕ, ಕಾಟೇಜ್ ಬೇಸಿನ್‌ಗಳ ಪಕ್ಕದಲ್ಲೇ ಚೀನಾದ ಸ್ವಯಂಚಾಲಿತ ರೀಲಿಂಗ್ ಯಂತ್ರ ಬಂದಿದೆ. ಅದು ಬೇಕೆನ್ನುವವರ ವಾದ ಗಟ್ಟಿಯಾದದ್ದು. ಬಿಸಿನೀರಲ್ಲಿ ಕೈಯದ್ದಿ, ಹಬೆಯಲ್ಲಿ ಬೇಯುತ್ತ ಎಳೆ ಹುಡುಕುವ ಕೆಲಸ ಯಾರಿಗೂ ಬೇಡ. ಯಂತ್ರದ ನೂಲು ಹೆಚ್ಚು ಸಮನಾಗಿರುತ್ತದೆ, ಒಳ್ಳೆಯ ಬೆಲೆಯನ್ನೂ ತರುತ್ತದೆ. ಚರಕವನ್ನು ಪರಂಪರೆಯೆಂದು ಹಾಡಿ ಹೊಗಳುವವರು ಒಂದು ದಿನ ಆ ನೀರಿಗೆ ಕೈ ಹಾಕಲಿ.

ಹಾಗಿದ್ದರೂ ಯಂತ್ರ ತಾನಾಗಿ ಗೆಲ್ಲುವುದಿಲ್ಲ. ಅದಕ್ಕೆ ಒಂದೇ ಸಮನಾದ ದ್ವಿತಳಿ ಗೂಡು ಬೇಕು, ಹದವಾಗಿ ಬೇಯಿಸಬಲ್ಲ ಕೈ ಬೇಕು, ಎಳೆ ಯಾಕೆ ಕಡಿಯುತ್ತಿದೆ ಎಂದು ಕೂಡಲೇ ಹೇಳಬಲ್ಲ ಕಣ್ಣು ಬೇಕು. ಆ ಕಣ್ಣು ವರ್ಷಗಟ್ಟಲೆ ಬೇಸಿನ್ ಮುಂದೆ ಕೂತ ಹೆಂಗಸಿನದು. ಸಹಾಯಧನ ಯಂತ್ರಕ್ಕೆ, ತರಬೇತಿ ಮಾಲೀಕನಿಗೆ, ಅವಳಿಗೆ ಮಾತ್ರ ನಾಳೆಯಿಂದ ಕೆಲಸವಿಲ್ಲ ಎಂದಾದರೆ ಅವಳೇಕೆ ತನಗೆ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು? ಅವಳ ಮೌನವನ್ನು ಹಟ ಎನ್ನುವುದು ಅನ್ಯಾಯ.

ರೆಂಬೆ ಪದ್ಧತಿಯ ಲಾಭ ಅದನ್ನು ಹಿಡಿದ ಕೈಗೇ ಸಿಕ್ಕಿತು, ಅದಕ್ಕೇ ಹಬ್ಬಿತು. ರೀಲಿಂಗ್ ಮನೆಯಲ್ಲೂ ಹಾಗೇ ಆಗಬೇಕು: ಯಂತ್ರ ಕೊಳ್ಳುವ ಮುನ್ನ ಕೆಲಸಗಾರರನ್ನು ಕೇಳಿ, ತರಬೇತಿಯನ್ನು ಅವರಿಂದಲೇ ಶುರುಮಾಡಿ, ಹೆಚ್ಚಿದ ಗಳಿಕೆಯಲ್ಲಿ ಅವರ ಕೂಲಿಯನ್ನೂ ಹೆಚ್ಚಿಸಿ. ಇಷ್ಟು ಮಾಡಿದ ಮೇಲೂ ಯಂತ್ರ ನಿಂತರೆ ಆಗ ಜನರನ್ನು ದೂರೋಣ.